ಚೌಡಿಯ ಪಾಲಿನ ಸುತ್ತು

ನನ್ನ ಕ್ವಾರ್ಟರ್ಸಿನ ಕಿಟಕಿಕಟ್ಟೆಯ ಮೇಲೆ ಒಂದು ಕೊಳಗ ಇದೆ. ಭತ್ತ ಅಳೆಯುವ ಮರದ ಕೊಳಗ, ಬಾಯಿಗೆ ಹಿತ್ತಾಳೆಯ ಪಟ್ಟಿ ಹಾಕಿದ್ದು. ಮನೆಗೆ ಬಂದವರು ಅದನ್ನು ತಿರುಗಿಸಿ ನೋಡಿ, "ಚೆನಾಗಿದೆಯಲ್ಲ, ಹೂ ಇಡಕ್ಕಾ?" ಎಂದು ಕೇಳುತ್ತಾರೆ. ಹೂವಲ್ಲ, ಅದರೊಳಗಿರುವುದು ನಂಬರುಗಳು. ಓಟದ ಸ್ಪರ್ಧೆಗೆ ಹೋದಾಗ ಎದೆಗೆ ಪಿನ್ನು ಹಾಕಿಕೊಳ್ಳಲು ಕೊಡುತ್ತಾರಲ್ಲ, ಆ ನಂಬರುಗಳು. ಹೋದ ವಾರದ ತನಕ ಒಟ್ಟು ಹತ್ತೊಂಬತ್ತು ಇದ್ದವು. ಇಷ್ಟು ಸ್ಪರ್ಧೆಗಳಿಂದ ನಾನು ಗೆದ್ದು ತಂದದ್ದು ಏನು ಎಂದರೆ ಒಂದು ಡಬ್ಬಿ ತುಂಬ ಸೇಫ್ಟಿ ಪಿನ್ನು. ಮದುವೆಮನೆಗೆ ಹೊರಟ ಅಕ್ಕಪಕ್ಕದ ಹೆಂಗಸರು ಸೀರೆಗೆ ಪಿನ್ನು ಬೇಕಾದರೆ ಈಗ ಸೀದಾ ನಮ್ಮ ಮನೆಗೇ ಬರುತ್ತಾರೆ. ನನ್ನ ಓಟದಿಂದ ಊರಿಗಾದ ಉಪಕಾರ ಸದ್ಯಕ್ಕೆ ಇದೊಂದೇ.

ನನಗೆ ನಲವತ್ತೊಂದು ವರ್ಷ. ಹೊಸನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ಬೆಳಿಗ್ಗೆ ಐದೂವರೆಗೆ ಎದ್ದು ಸಾಗರದ ರಸ್ತೆಯಲ್ಲಿ ಓಡುತ್ತೇನೆ. ಬಸ್ಸನ್ನೇ ನಂಬಿಕೊಂಡು ಬದುಕುವ ಈ ಊರಿನಲ್ಲಿ ಒಬ್ಬ ಹೆಂಗಸು ಓಡುತ್ತಿದ್ದಾಳೆಂದರೆ ಅದಕ್ಕೆ ಎರಡೇ ಕಾರಣ ಇರಬೇಕು: ಒಂದೋ ಬಸ್ ತಪ್ಪಿದೆ, ಇಲ್ಲವೇ ಮನೆಯಲ್ಲಿ ಯಾರಿಗೋ ಹುಷಾರಿಲ್ಲ. ಆದ್ದರಿಂದ ಬೈಕಿನವರು ನಿಲ್ಲಿಸಿ ಹತ್ತಿ ಎನ್ನುತ್ತಾರೆ. ಬೇಡ, ಸುಮ್ಮನೆ ಓಡುತ್ತಿದ್ದೇನೆ ಎಂದರೆ ನಂಬುವುದಿಲ್ಲ, ಸಂಕೋಚ ಎಂದುಕೊಳ್ಳುತ್ತಾರೆ. ಒಮ್ಮೆ ನಮ್ಮ ಕಚೇರಿಗೆ ಪಹಣಿ ತಿದ್ದಿಸಲು ಬರುವ ಹಿರಿಯರೊಬ್ಬರು ಎಷ್ಟು ಹೇಳಿದರೂ ಕೇಳದೆ, "ಹತ್ತಿ ಮೇಡಂ, ನಾನೂ ಆ ಕಡೆಗೇ" ಎಂದು ಸ್ಕೂಟರ್ ನಿಲ್ಲಿಸಿಕೊಂಡೇ ನಿಂತರು. ಮುಖ ಮುರಿಯಲಾರದೆ ಹತ್ತಿ ಕುಳಿತೆ. ಆ ದಿನದ ಅಭ್ಯಾಸದಲ್ಲಿ ಮೂರು ಕಿಲೋಮೀಟರು ಸ್ಕೂಟರಿನ ಮೇಲೆ ಆಯಿತು. ಮನೆಗೆ ಬಂದಾಗ ನಮ್ಮ ಮನೆಯವರು, "ಇವತ್ತು ಬೆವರೇ ಬಂದಿಲ್ಲ, ಸುಧಾರಿಸಿದೀಯ" ಎಂದರು.

ಮೂವತ್ತೈದು ದಾಟಿದವರಿಗೂ ಓಟದ ಸ್ಪರ್ಧೆ ಇರುತ್ತದೆ ಎಂದು ಗೊತ್ತಾದ ಮೇಲೆ ನಾನು ಮತ್ತೆ ಓಡಲು ಶುರುಮಾಡಿದೆ. ಮಾಸ್ಟರ್ಸ್ ಎಂದು ಅದಕ್ಕೆ ಹೆಸರು. ಹೆಸರು ಕೇಳಿ ನಾವೆಲ್ಲ ಪಳಗಿದವರು ಎಂದು ನೀವು ತಿಳಿಯಬೇಡಿ, ಮಂಡಿಗೆ ಪಟ್ಟಿ ಕಟ್ಟಿಕೊಂಡವರು ಅಷ್ಟೇ. ಶಿವಮೊಗ್ಗದಲ್ಲಿ ಐದು ಸಾವಿರ ಮೀಟರ್ ಓಡುವಾಗ ಅರವತ್ತರ ಮೇಲಿನ ಒಬ್ಬ ಅಮ್ಮ ನನ್ನನ್ನು ಒಂದಿಡೀ ಸುತ್ತು ಹಿಂದೆ ಹಾಕಿ, ಹಾಗೆ ದಾಟಿ ಹೋಗುವಾಗ "ಬೆನ್ನು ನೆಟ್ಟಗೆ ಮಾಡೇ ಮಗಾ" ಎಂದು ಹೇಳಿ ಹೋದರು. ತೀರ್ಥಹಳ್ಳಿಯಿಂದ ಮಂಡಗದ್ದೆಯ ಕಡೆಗೆ ರಸ್ತೆ ಓಟ ಇಟ್ಟಿದ್ದಾಗ ನಾನು ಎಷ್ಟು ಹಿಂದೆ ಬಿದ್ದಿದ್ದೆನೆಂದರೆ, ನನ್ನ ಮುಂದೆ ಯಾರೂ ಕಾಣುತ್ತಿರಲಿಲ್ಲ, ಹಿಂದೆ ಯಾರೂ ಇರಲಿಲ್ಲ. ಬಸ್ಸಿನ ಕಂಡಕ್ಟರ್ ಬಾಗಿಲಲ್ಲಿ ನೇತಾಡಿಕೊಂಡು, "ಶಿವಮೊಗ್ಗನಾ ಮೇಡಂ? ಸೀಟಿದೆ" ಎಂದು ಕೇಳಿದ. ಒಂದು ಕ್ಷಣ ಆಸೆಯಾದದ್ದು ಸುಳ್ಳಲ್ಲ.

ಇವೆಲ್ಲ ಹೇಳಿಕೊಂಡು ನಗಬಹುದಾದ ಸೋಲುಗಳು. ನಾನೇ ಹೇಳಿ ನಗಿಸುತ್ತೇನೆ. ಕೊಳಗದ ತಳದಲ್ಲಿ ಒಂದು ನಂಬರಿತ್ತು, ಅದರ ಬಗ್ಗೆ ಮಾತ್ರ ಒಮ್ಮೆ ಬಾಯಿಬಿಟ್ಟ ಮೇಲೆ ಇಷ್ಟು ವರ್ಷ ಯಾರ ಹತ್ತಿರವೂ ಮಾತಾಡಿಲ್ಲ. ಬಿಳಿ ಬಟ್ಟೆಯ ಚೂರಿನ ಮೇಲೆ ನೀಲಿ ಶಾಯಿಯಲ್ಲಿ ಬರೆದ ನಲವತ್ತೆರಡು. ಸಾಗರದಲ್ಲಿ ನಾನು ಹದಿನೇಳನೆಯ ವಯಸ್ಸಿನಲ್ಲಿ ಓಡಿದ್ದು.

ಅದಕ್ಕೆ ಮೊದಲು ಅಪ್ಪಯ್ಯನ ವಿಷಯ ಹೇಳಬೇಕು. ನಮ್ಮೂರು ತೀರ್ಥಹಳ್ಳಿಯ ಹತ್ತಿರ. ಆಗ ಊರಲ್ಲೆಲ್ಲ ಗದ್ದೆ ಇತ್ತು, ಕೊಯ್ಲು ಮುಗಿದು ಒಕ್ಕಣೆಯಾದ ಮೇಲೆ ಭತ್ತ ಅಳೆಯುವ ಕೆಲಸಕ್ಕೆ ನಾಲ್ಕು ಮನೆಯವರು ಅಪ್ಪಯ್ಯನನ್ನೇ ಕರೆಯುತ್ತಿದ್ದರು. ಸಂಬಳಕ್ಕಲ್ಲ, ಕೈಗುಣಕ್ಕೆ. ಅವರು ಅಳೆದ ಭತ್ತ ಕಣಜದಲ್ಲಿ ಬೇಗ ಕರಗುವುದಿಲ್ಲ ಎಂಬ ನಂಬಿಕೆ. ಕರೆಯಲು ಬಂದವರಿಗೆ, "ನಾಳೆ ಆಗಕ್ಕಿಲ್ಲ ಮಾರಾಯಾ, ನಾಡಿದ್ದು ಬರ್ತೀನಿ" ಎಂದು ಹೇಳುವಾಗ ಅವರ ಮುಖ ನೋಡಬೇಕಿತ್ತು. ಅದೊಂದೇ ಸಮಯ ಅವರು ಊರಿನಲ್ಲಿ ದೊಡ್ಡ ಮನುಷ್ಯರಾಗುತ್ತಿದ್ದರು. ಅಳೆಯಲು ಕುಳಿತರೆ ಬಲಗಡೆ ಒಂದಷ್ಟು ಹುಣಸೆಬೀಜ, ಒಂದು ಕೊಳಗಕ್ಕೆ ಒಂದು ಬೀಜ ಎಡಗಡೆಗೆ. ಮಧ್ಯದಲ್ಲಿ ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುತ್ತಿರಲಿಲ್ಲ.

ನಾನು ಓಡುತ್ತೇನೆ ಎಂದು ಕಂಡುಹಿಡಿದವರು ಶಾಲೆಯ ಪಿ.ಟಿ. ಮೇಷ್ಟ್ರು. ಆದರೆ ಓಡಿಸಿದವರು ಅಪ್ಪಯ್ಯ. ಕೊಯ್ಲಾದ ಗದ್ದೆಯ ಬಯಲಿನಲ್ಲಿ ನಾಲ್ಕು ಗೂಟ ನೆಟ್ಟು, ಅದರ ಸುತ್ತ ಹದಿನೈದು ಸುತ್ತು ಓಡು ಎನ್ನುವರು. ಮಳೆಗಾಲದಲ್ಲಿ ಶಾಲೆಯ ಅಂಗಳ. ತಾವು ಬದುವಿನ ಮೇಲೆ ಕುಳಿತು ಬಲಜೇಬಿನಿಂದ ಎಡಜೇಬಿಗೆ ಹುಣಸೆಬೀಜ ಹಾಕುವರು. ನೀನೇ ಎಣಿಸಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಓಡಿದವರಿಗೆ ಗೊತ್ತು, ಆರನೆಯ ಸುತ್ತಿನ ನಂತರ ತಲೆಯಲ್ಲಿ ಲೆಕ್ಕ ನಿಲ್ಲುವುದಿಲ್ಲ. ಉಸಿರು ಮಾತ್ರ ಇರುತ್ತದೆ. ಅಲ್ಲದೆ ಊರೆಲ್ಲ ನಂಬುವ ಲೆಕ್ಕವನ್ನು ನಾನು ಯಾಕೆ ಮತ್ತೆ ಎಣಿಸಬೇಕು?

ಅಪ್ಪಯ್ಯನ ಉಪದೇಶ ಒಂದೇ. "ಕೊನೇ ಸುತ್ತಿನ ತನಕ ಕಾಲು ಬಿಡಬ್ಯಾಡ ಮಗಾ. ಕೈಲಿ ಇಟ್ಕಂಡಿರು. ಕೊನೇ ಸುತ್ತಿಗೆ ನಾನು ಕೂಗ್ತೀನಿ. ಆವಾಗ ಬಿಡು."

ತಾಲೂಕು ಮಟ್ಟದ ಕ್ರೀಡಾಕೂಟ ತೀರ್ಥಹಳ್ಳಿಯಲ್ಲೇ ಆಯಿತು. ನಂಬರು ಗಿಂಬರು ಏನೂ ಕೊಡಲಿಲ್ಲ, ಓಡಿದ್ದೇ ಏಳು ಜನ. ನಾನು ಎಲ್ಲರಿಗಿಂತ ಮುಂದೆ ಇದ್ದೆ. ಅಪ್ಪಯ್ಯ ಇನ್ನೂ ಕೂಗಿರಲಿಲ್ಲ, ಅಷ್ಟರಲ್ಲಿ ಇಬ್ಬರು ಟೀಚರುಗಳು ಅಡ್ಡಕ್ಕೆ ರಿಬ್ಬನ್ ಹಿಡಿದು ನಿಂತರು, ನಾನು ಹೋಗಿ ಸಿಕ್ಕಿಕೊಂಡೆ. "ಇಷ್ಟು ಬೇಗ ಮುಗೀತಾ?" ಎಂದು ಕೇಳಿದ್ದು ನನಗೆ ನೆನಪಿದೆ. ಬಸ್ಸಿನಲ್ಲಿ ಅಪ್ಪಯ್ಯ ಯೋಚನೆ ಮಾಡಿ, "ತಾಲೂಕಲ್ಲಿ ಒಂದು ಸುತ್ತು ಕಮ್ಮಿ ಇಡ್ತಾರೆ ಅಂತ ಕಾಣ್ತದೆ. ಜಿಲ್ಲೆಯಲ್ಲಿ ಪೂರ್ತಿ ಇರ್ತದೆ" ಎಂದರು. ನನಗೂ ಹೌದು ಅನ್ನಿಸಿತು. ನಮ್ಮಿಬ್ಬರಲ್ಲಿ ಒಬ್ಬರಿಗಾದರೂ ಸಂಶಯ ಬರಬೇಕಿತ್ತು.

ಜಿಲ್ಲಾ ಮಟ್ಟದ್ದು ಸಾಗರದಲ್ಲಿ. ಮೂರು ಸಾವಿರ ಮೀಟರು, ಇನ್ನೂರು ಮೀಟರಿನ ಮಣ್ಣಿನ ಮೈದಾನ, ಹದಿನೈದು ಸುತ್ತು. ಮೊದಲ ಇಬ್ಬರಿಗೆ ರಾಜ್ಯಮಟ್ಟ, ಅಲ್ಲಿ ಚೆನ್ನಾಗಿ ಓಡಿದರೆ ಕ್ರೀಡಾ ಹಾಸ್ಟೆಲು ಎಂದು ಮೇಷ್ಟ್ರು ಹೇಳಿದ್ದರು. ಹಾಸ್ಟೆಲಿನಲ್ಲಿ ದಿನಾ ಮೊಟ್ಟೆ, ಹಾಲು, ಮುಳ್ಳಿನ ಶೂ. ನಾನು ಒಂದು ತಿಂಗಳು ಆ ಶೂ ಹಾಕಿಕೊಂಡು ನಿದ್ದೆ ಮಾಡಿದ್ದೇನೆ, ಮನಸ್ಸಿನಲ್ಲಿ. ಅಪ್ಪಯ್ಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಎಣಿಸಿದ ಹದಿನೈದು ಹುಣಸೆಬೀಜ ಬಲಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು.

ಕೊನೆಯ ಸುತ್ತಿಗೆ ಸೀಟಿ ಊದುತ್ತೇವೆ ಎಂದು ಮೈಕಿನಲ್ಲಿ ಹೇಳಿದ್ದೇನೋ ನಿಜ. ಆದರೆ ಆ ದಿನ ಬೆಳಗಿನಿಂದ ದನ ಓಡಿಸಲು ಸೀಟಿ, ಮಕ್ಕಳನ್ನು ಗೆರೆಯಿಂದಾಚೆ ಸರಿಸಲು ಸೀಟಿ, ಊಟಕ್ಕೆ ಕರೆಯಲು ಸೀಟಿ. ಸೀಟಿಯನ್ನು ಯಾರೂ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ನಾನು ಎರಡನೆಯ ಸ್ಥಾನದಲ್ಲಿದ್ದೆ. ನನ್ನ ಮುಂದೆ ಭದ್ರಾವತಿಯ ಉದ್ದ ಜಡೆಯ ಹುಡುಗಿ. ಕಾಲಲ್ಲಿ ಇನ್ನೂ ಬೇಕಾದಷ್ಟಿತ್ತು. ಗೆರೆ ದಾಟುವಾಗ ಅಪ್ಪಯ್ಯ ಎರಡು ಬೆರಳು ತೋರಿಸಿ, "ಇನ್ನೆರಡು! ಇನ್ನೆರಡು! ತಡಿ!" ಎಂದು ಕೂಗಿದರು. ನಾನು ತಡೆದೆ. ಅಷ್ಟರಲ್ಲಿ ಜಡೆಯ ಹುಡುಗಿ ಒಮ್ಮೆಲೇ ಚಿಮ್ಮಿ ಹೋದಳು. ಅಯ್ಯೋ ಪಾಪ, ಒಂದು ಸುತ್ತು ಮೊದಲೇ ಕಾಲು ಬಿಟ್ಟಳಲ್ಲ, ಈಗ ಸುಸ್ತಾಗಿ ಬೀಳುತ್ತಾಳೆ ಎಂದು ನನಗೆ ಅವಳ ಬಗ್ಗೆ ಕನಿಕರವಾಯಿತು. ಹಿಂದಿನಿಂದ ಇನ್ನಿಬ್ಬರು ನನ್ನನ್ನು ದಾಟಿದರು. ಅವರ ಬಗ್ಗೆಯೂ ಕನಿಕರಪಟ್ಟೆ.

ಗೆರೆ ದಾಟಿದೆ. ಅಪ್ಪಯ್ಯ ಕುಣಿದುಕೊಂಡು ಕೂಗಿದರು, "ಈಗ ಬಿಡು ಮಗಾ! ಬಿಡು!"

ಬಿಟ್ಟೆ. ಹಾಗೆ ನಾನು ಮೊದಲೂ ಓಡಿರಲಿಲ್ಲ, ಆಮೇಲೂ ಓಡಿಲ್ಲ. ನೆಲ ಕಾಲಿಗೆ ತಾಗುತ್ತಿರಲಿಲ್ಲ. ಮೈದಾನದಲ್ಲಿ ನಾನೊಬ್ಬಳೇ ಇದ್ದೆ, ಎಲ್ಲರನ್ನೂ ಅಷ್ಟು ಹಿಂದೆ ಹಾಕಿದೆ ಎಂದುಕೊಂಡೆ. ಜನ ಕೇಕೆ ಹಾಕುತ್ತಿದ್ದರು, ನನಗೇ ಎಂದುಕೊಂಡೆ. ನನಗೇ ನಿಜ. ಒಬ್ಬ ದಪ್ಪನೆಯ ಮೇಷ್ಟ್ರು ಕೆಂಪು ಬಾವುಟ ಹಿಡಿದುಕೊಂಡು, "ಏ ಹುಡುಗಿ, ನಿಂತ್ಕಳೇ, ಮುಗೀತು, ಮುಗೀತು!" ಎಂದು ನನ್ನ ಹಿಂದೆಯೇ ಓಡಿ ಬರುತ್ತಿದ್ದರು. ನಾನು ಸುತ್ತು ಮುಗಿಸಿಯೇ ನಿಂತೆ. ಆಗ ನೋಡಿದರೆ ಜಡೆಯ ಹುಡುಗಿ ನೆರಳಲ್ಲಿ ಕುಳಿತು ಕಿತ್ತಳೆಹಣ್ಣು ತಿನ್ನುತ್ತಿದ್ದಳು. ನನಗೆ ನಾಲ್ಕನೆಯ ಸ್ಥಾನ.

ಅಪ್ಪಯ್ಯ ತೀರ್ಪುಗಾರರ ಮೇಜಿನ ಹತ್ತಿರ ಹೋಗಿ ಜಗಳವಾಡಿದರು. ಎಡಜೇಬಿನ ಬೀಜಗಳನ್ನು ಮೇಜಿನ ಮೇಲೆ ಸುರಿದು, "ಹದಿನಾಲ್ಕೇ ಆಗಿತ್ತು, ಇನ್ನೊಂದು ನನ್ನ ಕೈಯಲ್ಲೇ ಇದೆ ನೋಡಿ. ನಲವತ್ತು ವರ್ಷದಿಂದ ಎಣಿಸ್ತಿದೀನಿ ಸ್ವಾಮಿ, ಒಂದು ಕೊಳಗ ಹೆಚ್ಚುಕಮ್ಮಿ ಆಗಿದ್ದಿಲ್ಲ" ಎಂದರು. ತೀರ್ಪುಗಾರರು ತಮ್ಮ ಹಾಳೆ ತೋರಿಸಿದರು. ಅದರಲ್ಲಿ ಎಲ್ಲರ ಹೆಸರಿನ ಮುಂದೆಯೂ ಹದಿನೈದು ಗೀಟು ಇತ್ತು.

ಬಸ್ಸಿನಲ್ಲಿ ಹೊಸನಗರದ ತನಕ ಅಪ್ಪಯ್ಯ ಸಾಗರದವರನ್ನು ಬೈಯುತ್ತಲೇ ಇದ್ದರು. ಹೊಸನಗರದಲ್ಲಿ ಟೀ ಕುಡಿಯಲು ಬಸ್ ನಿಲ್ಲಿಸಿದಾಗ ನನಗೆ ಬನ್ನು ತಂದುಕೊಟ್ಟು, ತಾವು ಸೀಟಿನಲ್ಲಿ ಕುಳಿತು ಬೀಜಗಳನ್ನು ಒಂದು ಅಂಗೈಯಿಂದ ಇನ್ನೊಂದಕ್ಕೆ ಹಾಕತೊಡಗಿದರು. ಎರಡು ಬೀಜ ಹಾಕಿದವರು ಅಲ್ಲಿಗೇ ನಿಲ್ಲಿಸಿದರು. ಅಲ್ಲಿಂದ ಮುಂದೆ ಮನೆ ತಲುಪುವವರೆಗೆ ಒಂದು ಮಾತಿಲ್ಲ. ದಣಿದಿದ್ದಾರೆ ಎಂದುಕೊಂಡೆ. ಆಮೇಲೆ ಎಷ್ಟೋ ವಾರ ನಾನು ಕಂಡವರಿಗೆಲ್ಲ, ಸಾಗರದಲ್ಲಿ ನನ್ನ ಒಂದು ಸುತ್ತು ನುಂಗಿದರು ಎಂದು ಹೇಳಿಕೊಂಡು ತಿರುಗಿದೆ. ಅಪ್ಪಯ್ಯ ಪಕ್ಕದಲ್ಲೇ ಇದ್ದರೂ ಹೌದು ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ.

ಗೊತ್ತಾದದ್ದು ಆ ಸಲದ ಸುಗ್ಗಿಯಲ್ಲಿ. ಪಕ್ಕದ ಮನೆಯವರ ಕಣದಲ್ಲಿ ಅಪ್ಪಯ್ಯ ಭತ್ತ ಅಳೆಯಲು ಕುಳಿತಿದ್ದರು. ನಾನು ಅವರಿಗೆ ಕಾಫಿ ತೆಗೆದುಕೊಂಡು ಹೋದೆ. ಸುತ್ತ ಹತ್ತು ಹನ್ನೆರಡು ಜನ. ಅಪ್ಪಯ್ಯ ಮೊದಲ ಕೊಳಗ ತುಂಬಿ, ಕಣ್ಣಿಗೆ ಒತ್ತಿಕೊಂಡು, ಪಕ್ಕದಲ್ಲಿದ್ದ ಮೊರಕ್ಕೆ ಸುರಿದರು. ಅದು ಚೌಡಿಯ ಪಾಲು. ಊರ ಗಡಿಯ ಬನದಲ್ಲಿರುವ ಕಾವಲುದೇವತೆ ಚೌಡಿಗೆ ಪ್ರತಿ ಮನೆಯ ಮೊದಲ ಕೊಳಗ ಹೋಗಬೇಕು, ಅದು ಲೆಕ್ಕಕ್ಕಿಲ್ಲ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಅವರ ಬಲಗಡೆಯ ಹುಣಸೆಬೀಜಗಳನ್ನು ನೋಡಿದ್ದು ಅಂದೇ. ಚೌಡಿಯ ಕೊಳಗಕ್ಕೆ ಅವರು ಬೀಜ ತೆಗೆಯಲಿಲ್ಲ. ಎರಡನೆಯ ಕೊಳಗಕ್ಕೆ ಮೊದಲನೆಯ ಬೀಜ ಎಡಗಡೆಗೆ ಬಿತ್ತು.

ಕೈಯಲ್ಲಿದ್ದ ಕಾಫಿ ಲೋಟ ಹಾಗೇ ಹಿಡಿದು ನಿಂತೆ. ಗದ್ದೆಯ ಬಯಲಿನಲ್ಲಿ ನಾನು ದಿನವೂ ಓಡಿದ್ದು ಹದಿನಾರು ಸುತ್ತು. ತೀರ್ಥಹಳ್ಳಿಯಲ್ಲಿ ಬೇಗ ಮುಗಿದದ್ದು ಸುತ್ತು ಕಡಿಮೆ ಇಟ್ಟಿದ್ದಕ್ಕಲ್ಲ. ಸಾಗರದಲ್ಲಿ ಅವರು ತಡಿ ಎಂದಾಗ ನಾನು ಕೊನೆಯ ಸುತ್ತಿನಲ್ಲಿದ್ದೆ. ಅಪ್ಪಯ್ಯನ ಕೈ ತನ್ನಷ್ಟಕ್ಕೆ ತಾನೇ ನನ್ನ ಮೊದಲ ಸುತ್ತನ್ನು ಚೌಡಿಗೆ ಎತ್ತಿಟ್ಟಿತ್ತು. ಅವರಿಗೇ ಗೊತ್ತಿರಲಿಲ್ಲ, ಹೊಸನಗರದಲ್ಲಿ ಬಸ್ ನಿಲ್ಲುವ ತನಕ.

ಒಳಗೆ ಕರೆದು ಕೇಳಬಹುದಿತ್ತು. ಮನೆಗೆ ಹೋದ ಮೇಲೆ ಅಳಬಹುದಿತ್ತು. ನಾನು ಅಲ್ಲೇ, ಅಷ್ಟು ಜನರ ಎದುರು, "ಸಾಗರದಲ್ಲೂ ಹಿಂಗೇ ಎಣಿಸಿದ್ರಾ ಅಪ್ಪಯ್ಯ?" ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ. ಅಷ್ಟಕ್ಕೆ ಸುಮ್ಮನಾಗಬೇಕಿತ್ತು. "ಊರೋರ ಭತ್ತ ಅಳಿಯಕ್ಕೆ ಬರ್ತದೆ, ಮಗಳ ಸುತ್ತು ಎಣಿಸಕ್ಕೆ ಬರಲ್ಲ" ಎಂದೆ. ಯಾರೋ ವಿಷಯ ಕೇಳಿದರು, ನಾನು ಪೂರ್ತಿ ಹೇಳಿದೆ. ಕಣದಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವ ಕಥೆಯೇ ಅಲ್ಲವೇ ಅದು?

ಅಪ್ಪಯ್ಯ ಕೊನೆಯ ಕೊಳಗದವರೆಗೂ ಅಳೆದು ಮುಗಿಸಿ, ಲೆಕ್ಕ ಹೇಳಿ, ಎದ್ದು ಬಂದರು. ಮಾರನೆಯ ವರ್ಷ ಕರೆಯಲು ಬಂದವರಿಗೆ, "ಹೆಗಲು ನೋವು ಮಾರಾಯಾ, ಬೇರೆ ಯಾರನ್ನಾದ್ರೂ ನೋಡಿ" ಎಂದರು. ಅದರ ಮುಂದಿನ ವರ್ಷವೂ ಹೆಗಲು ನೋವು. ಆ ಹೆಗಲಿನಲ್ಲೇ ಅವರು ಆಮೇಲೆ ಹತ್ತು ವರ್ಷ ನೇಗಿಲು ಹೊತ್ತರು. ಕರೆಯುವವರು ಕರೆಯುವುದು ಬಿಟ್ಟರು. ಆಮೇಲೆ ಊರಿನಲ್ಲಿ ಗದ್ದೆಯೇ ಹೋಯಿತು, ಅಳೆಯಲು ಯಾರ ಮನೆಯಲ್ಲೂ ಭತ್ತವಿಲ್ಲ. ನನ್ನ ಓಟವೂ ಅಲ್ಲಿಗೇ ನಿಂತಿತು. ನಾನು ಓಡುವುದಿಲ್ಲ ಎಂದೆ, ಅವರು ಓಡು ಎನ್ನಲಿಲ್ಲ. ರಾಜ್ಯಮಟ್ಟ ತಪ್ಪಿದ್ದಕ್ಕೆ ನಾನು ಎರಡು ವರ್ಷ ಕೊರಗಿರಬಹುದು. ಕಣದಲ್ಲಿ ಆಡಿದ ಮಾತಿಗೆ ಇಪ್ಪತ್ತನಾಲ್ಕು ವರ್ಷದಿಂದ ಕೊರಗುತ್ತಿದ್ದೇನೆ. ಓಟದಲ್ಲಿ ನಾಲ್ಕನೆಯವಳಾದೆ, ಸರಿ. ಆದರೆ ಅವರಿಗೆ ಊರಿನಲ್ಲಿ ಇದ್ದ ಒಂದೇ ಹೆಚ್ಚುಗಾರಿಕೆಯನ್ನು ನಾನು ಅವರ ಕೈಯಿಂದ ಕಿತ್ತುಕೊಂಡೆ. ಕ್ಷಮೆ ಕೇಳಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ, "ಕಾಫಿ ಕುಡೀತೀರಾ?" ಎಂದು ಕೇಳಿ ಮುಚ್ಚಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ತಮ್ಮ ಅಟ್ಟದಲ್ಲಿದ್ದ ಹಳೇ ಸಾಮಾನನ್ನೆಲ್ಲ ಹೋಂಸ್ಟೇ ಅಲಂಕಾರಕ್ಕೆ ಕೊಳ್ಳುವವನಿಗೆ ಕೊಡಲು ಜಗಲಿಯಲ್ಲಿ ಇಟ್ಟಿದ್ದ. ಅದರಲ್ಲಿ ಈ ಕೊಳಗವೂ ಇತ್ತು. ಯಾರಿಗೂ ಹೇಳದೆ ಬ್ಯಾಗಿಗೆ ಹಾಕಿಕೊಂಡು ಬಂದೆ. ತಂದವಳು ಟ್ರಂಕಿನಿಂದ ನಲವತ್ತೆರಡನೆಯ ನಂಬರು ತೆಗೆದು ಅದರ ತಳಕ್ಕೆ ಹಾಕಿದೆ. ಉಳಿದವು ಅದರ ಮೇಲೆ ಒಂದೊಂದಾಗಿ ಬಿದ್ದವು.

ಹೋದ ವಾರ ಅಪ್ಪಯ್ಯ ನಮ್ಮ ಮನೆಗೆ ಬಂದರು. ಕಣ್ಣಿನ ಪೊರೆ ತೆಗೆಸಿ ತಿಂಗಳಾಗಿದೆ, ತೋರಿಸಿಕೊಂಡು ಹೋಗಬೇಕಿತ್ತು. ಈಗ ಅವರಿಗೆ ಎಲ್ಲವನ್ನೂ ಮುಟ್ಟಿ ನೋಡುವ ಉಮೇದು. ಕ್ಯಾಲೆಂಡರು, ಸ್ವಿಚ್ಚು, ನನ್ನ ತಲೆಯ ಬಿಳಿ ಕೂದಲು. "ಎಷ್ಟು ಬೆಳ್ಳಗಾಗಿದೀಯ ಮಾರಾಯ್ತಿ" ಎಂದರು. ನಾನು ಒಳಗೆ ದೋಸೆ ಹುಯ್ಯುತ್ತಿದ್ದೆ. ಸದ್ದಿಲ್ಲದ್ದು ನೋಡಿ ಬಂದರೆ, ಅವರು ಕೊಳಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿತ್ತಾಳೆ ಪಟ್ಟಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು.

"ಇದು ಇಲ್ಲಿಗೆ ಯಾವಾಗ ಬಂತು?"

"ಎರಡು ವರ್ಷ ಆಯ್ತು ಅಪ್ಪಯ್ಯ."

"ಒಳಗೆ ಎಂತದು?"

"ಓಡಿದ ನಂಬರು."

ಅವರು ಕೊಳಗವನ್ನು ಮಂಚದ ಮೇಲೆ ಮಗುಚಿ ಎತ್ತಿದರು. ಮಗುಚಿದ ಮೇಲೆ ತಳದ್ದು ಮೇಲೆ ಬರುತ್ತದೆ. ಬಿಳಿ ಬಟ್ಟೆಯ ನಲವತ್ತೆರಡು ಎಲ್ಲದರ ಮೇಲೆ ಕುಳಿತಿತ್ತು. ಅವರು ಅದನ್ನು ಎತ್ತಿಕೊಂಡು, ಹೊಸ ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಪಕ್ಕದಲ್ಲಿ ಬೇರೆ ಇಟ್ಟರು. ಆಮೇಲೆ ಉಳಿದವನ್ನು ಒಂದೊಂದಾಗಿ ಎತ್ತಿ ಎಡಗಡೆಗೆ ಹಾಕುತ್ತ ಎಣಿಸಿದರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಹಾಗೆ ಎಣಿಸುವುದನ್ನು ನಾನು ನೋಡಿ ಇಪ್ಪತ್ತನಾಲ್ಕು ವರ್ಷವಾಗಿತ್ತು.

"ಹದಿನೆಂಟು" ಎಂದರು.

ಹತ್ತೊಂಬತ್ತು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದೇ ಬಿಟ್ಟಿತು. ತಿದ್ದುವ ಚಟ ಈ ಗುಮಾಸ್ತಿಕೆಯಿಂದ ಬಂದದ್ದಲ್ಲ, ಮೊದಲಿನಿಂದಲೂ ಇದೆ. ಹಲ್ಲು ಕಚ್ಚಿಕೊಂಡೆ.

"ಹೌದು ಅಪ್ಪಯ್ಯ, ಹದಿನೆಂಟೇ."

ಅವರು ಬೇರೆ ಇಟ್ಟ ಬಟ್ಟೆಯ ಚೂರನ್ನು ನೋಡಿದರು, ನನ್ನನ್ನು ನೋಡಿದರು. ಗೊತ್ತಾಯಿತೋ ಇಲ್ಲವೋ ನನಗೆ ಇವತ್ತಿಗೂ ಹೇಳಲಾಗುವುದಿಲ್ಲ. ಆಮೇಲೆ, "ಇನ್ನು ಎಲ್ಲಿದೆ ಓಟ?" ಎಂದು ಕೇಳಿದರು.

"ಮುಂದಿನ ತಿಂಗಳು. ಸಾಗರದಲ್ಲಿ." ಹೇಳುವಾಗ ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. "ಇಪ್ಪತ್ತೈದು ನಿಮಿಷದ ಒಳಗೆ ಮುಗಿಸ್ಬೇಕು ಅಂತ ಇದೆ. ಈಗ ಇಪ್ಪತ್ತಾರರ ಮೇಲೆ ಆಗ್ತದೆ. ಗೆಲ್ಲದೆಲ್ಲ ಇಲ್ಲ."

"ಎಷ್ಟು ಸುತ್ತು?"

"ಹನ್ನೆರಡೂವರೆ."

"ಅರ್ಧ ಹೆಂಗೆ ಎಣಿಸದು ಮಾರಾಯ್ತಿ?"

ಐದು ಸಾವಿರ ಮೀಟರನ್ನು ನಾನೂರರ ಮೈದಾನದಲ್ಲಿ ಓಡಿಸುವಾಗ ಆಚೆ ಬದಿಯಿಂದ ಹೊರಡಿಸುತ್ತಾರೆ. ಅರ್ಧ ಸುತ್ತು ಬಂದು ಗೆರೆ ದಾಟಿದ ಮೇಲೆ ಹನ್ನೆರಡು ಪೂರ್ತಿ ಸುತ್ತು. ಎಷ್ಟೋ ಸಲ ಓಡಿದ್ದೇನೆ, ಅದರ ಬಗ್ಗೆ ಯಾವತ್ತೂ ಯೋಚಿಸಿರಲಿಲ್ಲ. ಹೇಳತೊಡಗಿದವಳು ಅರ್ಧಕ್ಕೆ ನಿಲ್ಲಿಸಿ ಮಂಚದ ತುದಿಗೆ ಕುಳಿತೆ.

"ಮೊದಲಿನ ಅರ್ಧ ಲೆಕ್ಕಕ್ಕಿಲ್ಲ ಅಪ್ಪಯ್ಯ. ಅದನ್ನ ಬಿಟ್ಟು ಎಣಿಸ್ಬೇಕು. ಆಮೇಲೆ ಹನ್ನೆರಡು."

ಒಳಗೆ ದೋಸೆ ಸೀದ ವಾಸನೆ ಬರುತ್ತಿತ್ತು, ಇಬ್ಬರೂ ಏಳಲಿಲ್ಲ. ಆಮೇಲೆ ಅಪ್ಪಯ್ಯ ಕೊಳಗವನ್ನು ನೆಟ್ಟಗೆ ಇಟ್ಟು, ಹದಿನೆಂಟನ್ನೂ ಜೋಡಿಸಿ ಅದರೊಳಗೆ ಹಾಕಿದರು. ನಲವತ್ತೆರಡನ್ನು ಮಡಿಸಿ ತಮ್ಮ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಹುಣಸೆಬೀಜ ಇದಾವಾ ಮನೇಲಿ? ಹನ್ನೆರಡು?"

ಇವೆ ಎಂದು ಹೇಳಿ ಅಡುಗೆಮನೆಗೆ ಹೋದೆ. ಡಬ್ಬಿ ತೆರೆದು ನೋಡಿದರೆ ಅಂಗಡಿಯಿಂದ ತಂದ ಪ್ಯಾಕೆಟ್ಟಿನ ಹುಣಸೆ, ಒಂದು ಬೀಜವೂ ಇಲ್ಲದ್ದು. ಕಣ್ಣೊರೆಸಿಕೊಂಡು, ಒಲೆ ಆರಿಸಿ, ಹಿಂಬಾಗಿಲಿನಿಂದ ಪಕ್ಕದ ಮನೆಗೆ ಓಡಿದೆ.